ಗೆರೆ ಇಲ್ಲದ ಜಾಗ

ಕನ್ನಡಕದಮ್ಮ ಐವತ್ತೇಳನೆಯ ವಯಸ್ಸಿನಲ್ಲಿ ಎರಡೇ ಸೀಟಿನ ಕಾರು ಕೊಂಡಳೆಂಬ ಸುದ್ದಿ ಬೀದಿಯ ಕೊನೆಯ ಮನೆಗೆ ಮುಟ್ಟುವ ಹೊತ್ತಿಗೆ ಕಾರೇ ಅಲ್ಲಿಗೆ ಹೋಗಿ ತಿರುಗಿಕೊಂಡು ಬಂದಿತ್ತು. ಮೂವತ್ತು ವರ್ಷ ಹಳೆಯ ಜಪಾನಿನ ಕಾರು. ಕೆಂಪು ಬಣ್ಣ, ನೆಲಕ್ಕೆ ಹೊಟ್ಟೆ ತಾಗಿಸಿ ಕೂತ ಬೆಕ್ಕಿನಂಥ ಮೈ. ಮೇಲಿನ ಮಾಡು ಬಟ್ಟೆಯದು, ಬೇಕೆಂದಾಗ ಮಡಚಿ ಹಿಂದಕ್ಕೆ ತಳ್ಳಬಹುದು. ಮುಂದಿನ ದೀಪಗಳು ಮುಚ್ಚಳದೊಳಗೆ ಮಲಗಿದ್ದು, ಗುಂಡಿ ಒತ್ತಿದರೆ ಕಪ್ಪೆಗಣ್ಣಿನ ಹಾಗೆ ಮೇಲೆದ್ದು ಬರುತ್ತಿದ್ದವು. ಅದರಲ್ಲೂ ಎಡಗಡೆಯದು ಬಲಗಡೆಯದಕ್ಕಿಂತ ಸ್ವಲ್ಪ ಸೋಮಾರಿ.

"ನಿನ್ನ ಕಾರು ನನಗೆ ಕಣ್ಣು ಹೊಡೀತು ಕಣೇ" ಎಂದರು ಮೇಷ್ಟ್ರು. ಅವರು ಅವಳ ಗಂಡ. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು, ಈಗಲೂ ಬೀದಿಗೆಲ್ಲ ಮೇಷ್ಟ್ರೇ.

"ಈ ವಯಸ್ಸಲ್ಲಿ ನಿಮಗೆ ಯಾರಾದ್ರೂ ಕಣ್ಣು ಹೊಡೆದ್ರೆ ಸಂತೋಷ ಪಡಿ."

"ಅಲ್ಲ, ಎರಡೇ ಸೀಟು. ನಿಮ್ಮಕ್ಕ ಬಂದ್ರೆ ನಾನೆಲ್ಲಿ ಕೂರಲಿ?"

"ನಮ್ಮಕ್ಕ ಬಂದ್ರೆ ನೀವು ಮನೇಲೇ ಇರ್ತೀನಿ ಅಂತೀರಲ್ಲ."

ಮೇಷ್ಟ್ರು ಸ್ವಲ್ಪ ಯೋಚಿಸಿದರು. "ಹಾಗಾದ್ರೆ ಒಳ್ಳೆ ಗಾಡಿ" ಎಂದು ಬಾಗಿಲು ತೆಗೆದು, ಮೊಣಕಾಲು ಹಿಡಿದುಕೊಂಡು ಒಳಗೆ ಇಳಿದರು. ಹತ್ತುವ ಕಾರಲ್ಲ ಅದು, ಇಳಿಯುವ ಕಾರು.

ಊರಿನ ಅರ್ಧ ಜನರ ಕನ್ನಡಕದ ಗಾಜು ಅವಳ ಕೈಯಲ್ಲಿ ಉಜ್ಜಿಸಿಕೊಂಡು ಹೋದದ್ದು. ಗಾಜಿನ ಅಂಚನ್ನು ಬೆರಳ ತುದಿಯಲ್ಲಿ ಸವರಿ, ಕೂದಲೆಳೆಯಷ್ಟು ಏರುಪೇರಿದ್ದರೂ ಹೇಳಿಬಿಡುತ್ತಿದ್ದಳು. ಆದರೆ ಆ ಬೆರಳಿಗೆ ಮೊದಲು ಅಂಟಿದ್ದು ಗ್ರೀಸು. ಅವಳಪ್ಪನಿಗೆ ಗ್ಯಾರೇಜಿತ್ತು. ಕನ್ನಡಕದಂಗಡಿಗೆ ಸೇರಿದ ಮೇಲೂ ಹಗಲು ಅಲ್ಲಿಯ ಕೆಲಸ ಮುಗಿಸಿ ಸಂಜೆ ಅಪ್ಪನ ಗ್ಯಾರೇಜಿಗೆ ಬಂದು ಮಗಳು ಗಾಡಿಯ ಕೆಳಗೆ ಮಲಗುತ್ತಿದ್ದಳು. ಅವಳ ಪಕ್ಕದಲ್ಲಿ ಮಲಗುತ್ತಿದ್ದವನು ಅಪ್ಪನ ಶಿಷ್ಯ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು, ಒಳಗೆ ಯಾವ ಬೇರಿಂಗು ನರಳುತ್ತಿದೆಯೆಂದು ಹೇಳಬಲ್ಲವನಾಗಿದ್ದ. ಮನುಷ್ಯರು ಕರೆದರೆ ಮಾತ್ರ ಅವನಿಗೆ ಕೇಳಿಸುತ್ತಿರಲಿಲ್ಲ. ಅಪ್ಪ ಅವನಿಗೆ 'ಕಿವಿ' ಎಂದು ಹೆಸರಿಟ್ಟರು. ಅದೇ ನಿಂತಿತು. ಈಗ ಗ್ಯಾರೇಜು ಅವನದೇ. ಗಿರಾಕಿಗಳಿಗೆ ಅವನು ಕಿವಿ ಮೇಸ್ತ್ರಿ. ಅವಳನ್ನು ಅಕ್ಕ ಎಂದು ಕರೆಯುತ್ತಿದ್ದ, ಬಾಯಿಮಾತಿಗಲ್ಲ. ಅಪ್ಪ ಹಾಸಿಗೆ ಹಿಡಿದ ಏಳು ತಿಂಗಳು, ವಾರಕ್ಕೆರಡು ಸಲ ಬಂದು ಅವರ ಗಡ್ಡ ಹೆರೆದವನು ಅವನು. ಹೆರೆದಾದ ಮೇಲೆ ತನ್ನ ಕೆನ್ನೆಯನ್ನು ಅವರ ಕೆನ್ನೆಗೆ ತಾಗಿಸಿ ಎಲ್ಲಾದರೂ ಚುಚ್ಚುತ್ತದೆಯೇ ಎಂದು ನೋಡುತ್ತಿದ್ದ.

ಅಪ್ಪನ ಗ್ಯಾರೇಜಿನಲ್ಲಿ ಒಂದು ಕಟ್ಟಳೆಯಿತ್ತು. ನಟ್ಟು ಬಿಗಿ ಮಾಡಿ ಮುಗಿದ ಮೇಲೆ, ನಟ್ಟಿನ ತಲೆಯಿಂದ ಪಕ್ಕದ ಲೋಹದ ಮೇಲಕ್ಕೆ ಸಣ್ಣ ಕುಂಚದಿಂದ ಬಣ್ಣದ ಒಂದು ಗೆರೆ ಎಳೆಯಬೇಕು. ನಟ್ಟು ಒಂದು ಎಳೆ ಸಡಿಲವಾದರೂ ಗೆರೆ ಎರಡು ತುಂಡಾಗಿ ಕಾಣುತ್ತದೆ. ಇದು ಎಷ್ಟೋ ಗ್ಯಾರೇಜುಗಳಲ್ಲಿ ಇರುವುದೇ. ಆದರೆ ಅಪ್ಪ ಬೆಸುಗೆಗೂ ಗೆರೆ ಎಳೆಸುತ್ತಿದ್ದರು, ಬಡಿದು ನೋಡಿ ಗಟ್ಟಿಯೆಂದು ಕಂಡ ತಗಡಿಗೂ ಎಳೆಸುತ್ತಿದ್ದರು. ಅಪ್ಪನದು ಬಿಳಿ, ಮಗಳದು ಹಸಿರು, ಕಿವಿಯದು ಹಳದಿ. "ಗೆರೆ ಅಂದ್ರೆ ಮಾತು. ಕೈಯಾರೆ ನೋಡದೆ ಎಳೀಬೇಡಿ" ಎನ್ನುವರು. ಅದರ ಜೊತೆಗೆ ಇನ್ನೊಂದು: "ಒಬ್ರು ಎಳೆದ ಗೆರೆ ಮೇಲೆ ಇನ್ನೊಬ್ರು ಸ್ಪ್ಯಾನರ್ ಇಡಬಾರ್ದು. ಅದು ಅವರ ಮುಖಕ್ಕೆ ಉಗಿದ ಹಾಗೆ."

ಮೂವತ್ತು ವರ್ಷದ ಹಿಂದೆ ಇಂಥದೇ ಕೆಂಪು ಕಾರೊಂದು ಒಂದು ವಾರ ಆ ಗ್ಯಾರೇಜಿನಲ್ಲಿ ನಿಂತಿತ್ತು. ಯಾರದೋ ಹೊಸ ಕಾರು. ಬ್ರೇಕು ಸರಿಮಾಡಿದ ಮೇಲೆ ಅಪ್ಪ ಅವಳ ಕೈಗೆ ಬೀಗದಕೈ ಕೊಟ್ಟು, "ಸೇತುವೆವರೆಗೆ ಹೋಗಿ ಬಾ, ಬ್ರೇಕು ನೋಡಬೇಕು" ಎಂದಿದ್ದರು. ಬ್ರೇಕನ್ನು ಅವರು ಆಗಲೇ ಎರಡು ಸಲ ನೋಡಿದ್ದರೆಂದು ಅವಳಿಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಪಕ್ಕದ ಸೀಟಿನಲ್ಲಿ ಕಿವಿ ಕಣ್ಣು ಮುಚ್ಚಿಕೊಂಡು, ಇಂಜಿನ್ನಿನ ಸದ್ದಿಗೆ ತಲೆದೂಗುತ್ತ ಕೂತಿದ್ದ. ಆ ಸೇತುವೆಯವರೆಗಿನ ದಾರಿ ಅವಳೊಳಗೆ ಹಾಗೇ ಉಳಿದುಬಿಟ್ಟಿತ್ತು. ಅಂಗಡಿಯ ಕೆಲಸ ಬಿಟ್ಟ ದಿನ ಅವಳು ಗ್ಯಾರೇಜಿಗೆ ಹೋಗಿ, "ಕಿವಿ, ನನಗೆ ಆ ಗಾಡಿ ಬೇಕು. ಹುಡುಕಿಕೊಡ್ತೀಯಾ?" ಎಂದಳು.

"ನೋಡ್ತೀನಿ ಅಕ್ಕಾ" ಎಂದ ಕಿವಿ. ಇಪ್ಪತ್ತು ದಿನ ಬಿಟ್ಟು ಫೋನು ಮಾಡಿದ. "ಒಬ್ಬರು ಡಾಕ್ಟರ ಗಾಡಿ ಅಕ್ಕಾ. ವಯಸ್ಸಾಗಿದೆ ಅವರಿಗೆ. ಹೊದಿಕೆ ಹೊದಿಸಿ ಮಗು ಥರ ಇಟ್ಕೊಂಡಿದ್ರಂತೆ. ನಾನೇ ಪೂರ್ತಿ ಬಿಚ್ಚಿ ನೋಡಿದೀನಿ. ಕಣ್ಣು ಮುಚ್ಕೊಂಡು ತಗೋ."

ಅವಳು ಕಣ್ಣು ತೆರೆದುಕೊಂಡೇ ತೆಗೆದುಕೊಂಡಳು, ಅಥವಾ ಹಾಗೆಂದು ಭಾವಿಸಿದಳು. ಗಾಡಿಯನ್ನು ಲಿಫ್ಟಿನ ಮೇಲೆ ಎತ್ತಿಸಿ, ಟಾರ್ಚು ಹಿಡಿದು ಕೆಳಗೆಲ್ಲ ಓಡಾಡಿದಳು. ಎಲ್ಲಿ ನೋಡಿದರೂ ಹಳದಿ ಗೆರೆಗಳು. ಬ್ರೇಕಿನ ಕೊಳವೆಗೆ, ಸ್ಟಿಯರಿಂಗಿನ ಕೀಲಿಗೆ, ಇಂಜಿನ್ ಕೂತ ರಬ್ಬರಿನ ಬೋಲ್ಟಿಗೆ. ಒಂದೂ ಮುರಿದಿರಲಿಲ್ಲ. ತಮ್ಮನ ಕೈಬರಹ ಓದಿದ ಹಾಗಾಯಿತು ಅವಳಿಗೆ. ಎರಡು ಬಾಗಿಲುಗಳ ಕೆಳಗೆ ಉದ್ದಕ್ಕೂ ಪೆಟ್ಟಿಗೆಯಂಥ ಒಂದೊಂದು ತಗಡಿನ ತೊಲೆ ಇರುತ್ತದೆ. ಗಟ್ಟಿಯಾದ ಮಾಡು ಇಲ್ಲದ ಕಾರಿಗೆ ಅವೆರಡೇ ಬೆನ್ನೆಲುಬು. ಚಾಲಕನ ಕಡೆಯ ತೊಲೆಯ ತುದಿಯಲ್ಲಿ ಹಳದಿ ಗೆರೆಯಿತ್ತು. ಇನ್ನೊಂದು ಕಡೆಯದರ ಮೇಲೆ ದಪ್ಪಗೆ ಕಪ್ಪು ಬಣ್ಣ ಬಳಿದಿತ್ತು, ಗೆರೆ ಇರಲಿಲ್ಲ. ಬಣ್ಣದ ಅಡಿಯಲ್ಲಿ ಮುಚ್ಚಿಹೋಗಿರಬೇಕು ಎಂದುಕೊಂಡಳು. ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು ನೋಡಬಹುದಿತ್ತು. ಕಿವಿ ಪಕ್ಕದಲ್ಲೇ ನಿಂತಿದ್ದ. ಬಡಿಯುವುದು ಸರಿಯೆನಿಸಲಿಲ್ಲ.

ಆಮೇಲಿನ ಮೂರು ತಿಂಗಳು ಅವಳ ಬದುಕಿನ ಒಳ್ಳೆಯ ಮೂರು ತಿಂಗಳು. ಹಳೆಯ ಗಾಡಿಯೆಂದರೆ ಸಾಕುವ ವಸ್ತು. ಅವಳು ಎಣ್ಣೆ ಬದಲಿಸಿದಳು, ಇಂಜಿನ್ನಿನೊಳಗಿನ ಹಲ್ಲಿನ ಬೆಲ್ಟು ಬದಲಿಸಿದಳು, ಸೋಮಾರಿ ದೀಪದ ಮೋಟಾರು ಬಿಚ್ಚಿ ಗ್ರೀಸು ಹಾಕಿದಳು. ದೀಪಗಳೆರಡೂ ಜೊತೆಯಾಗಿ ಏಳತೊಡಗಿದಾಗ ಮೇಷ್ಟ್ರು, "ನನ್ನ ಮೇಲಿನ ಆಸೆ ಹೋಯ್ತೇನೋ ಇದಕ್ಕೆ" ಎಂದು ಕೊರಗಿದರು. ಸಿಗದ ರಬ್ಬರು ಬೇಕಾದಾಗ ಕಿವಿ ಎಲ್ಲಿಂದಲೋ ತರಿಸಿಕೊಡುತ್ತಿದ್ದ. ವಾರಕ್ಕೊಮ್ಮೆ ಗಂಡ ಹೆಂಡತಿ ಮಾಡು ಮಡಚಿ, ಮೇಷ್ಟ್ರು ತಲೆಗೆ ಟವೆಲು ಬಿಗಿದುಕೊಂಡು, ಗುಡ್ಡದ ದಾರಿಗೆ ಹೋಗಿ ಬರುತ್ತಿದ್ದರು. ನಲವತ್ತು ವರ್ಷ ನಕ್ಷೆಯ ಮೇಲೆ ಕೋಲಿಟ್ಟು ತೋರಿಸಿದ ತಿರುವುಗಳನ್ನು ಮೇಷ್ಟ್ರು ಈಗ ಬೆನ್ನಿನಿಂದ ಎಣಿಸುತ್ತಿದ್ದರು.

ಮಳೆ ಶುರುವಾಯಿತು. ಒಂದು ದಿನ ಬಟ್ಟೆ ಒಣಗಿಸುವ ಹಗ್ಗದ ಮೇಲೆ ಮೇಷ್ಟ್ರ ಕಾಲುಚೀಲ ಮೂರು ಜೊತೆ ಕಂಡಿತು.

"ಇದೇನ್ರೀ, ದಿನಕ್ಕೆ ಮೂರು ಸಲ ಬದಲಿಸ್ತೀರಾ?"

"ಹಾಗೇ."

"ಹಾಗೇ ಅಂದ್ರೆ?"

ಮೇಷ್ಟ್ರು ಪತ್ರಿಕೆ ಮಡಚಿದರು. "ನಿನ್ನ ಕಾರಲ್ಲಿ ನನ್ನ ಕಾಲ ಹತ್ರ ನೀರು ನಿಲ್ಲುತ್ತೆ. ಹೋದ ವಾರವೂ ನಿಂತಿತ್ತು."

"ಹೇಳೋದಲ್ವಾ?"

"ನೀನು ಹಾಡ್ತಾ ಇದ್ದೆ. ಕಾಲು ಒದ್ದೆಯಾಯ್ತು ಅಂತ ಹಾಡು ನಿಲ್ಲಿಸ್ಲಾ?"

ಅವಳು ಒಂದು ಗಳಿಗೆ ಅವರ ಮುಖ ನೋಡಿ ಹೊರಗೆ ಹೋದಳು. ಬಟ್ಟೆ ಮಾಡಿನ ಮೇಲೆ ಬಿದ್ದ ನೀರು ಬಾಗಿಲ ಹಿಂದಿನ ಸಣ್ಣ ತೂತಿಗೆ ಇಳಿದು, ಕೊಳವೆಯೊಂದರ ಮೂಲಕ ಗಾಡಿಯ ಕೆಳಗೆ ಸುರಿದುಹೋಗಬೇಕು. ಎಲೆ, ಧೂಳು ಕಟ್ಟಿದರೆ ನೀರು ಒಳಗೆ ತಿರುಗುತ್ತದೆ. ಅದು ಇಂಥ ಗಾಡಿಗಳ ಹಳೆಯ ಕಾಯಿಲೆ, ಮದ್ದೂ ಸುಲಭ. ದಪ್ಪನೆಯ ಪ್ಲಾಸ್ಟಿಕ್ ದಾರವನ್ನು ಮೇಲಿಂದ ತೂರಿಸಿ ಕೆಳಗಿಂದ ಎಳೆದರೆ ಸಾಕು. ಚಾಲಕನ ಕಡೆ ತೂರಿಸಿದಳು. ದಾರ ಕೆಳಗೆ ಇಣುಕಿತು. ಮೇಷ್ಟ್ರ ಕಡೆ ತೂರಿಸಿದಳು. ಒಂದು ಮೊಳ ಹೋಗಿ ನಿಂತಿತು. ಒತ್ತಿದರೆ ಎಲೆ ಕಸದ ಹಾಗೆ ಕರಕರ ಎನ್ನಲಿಲ್ಲ. ಮೆತ್ತಗಿತ್ತು, ದಿಂಬಿಗೆ ಒತ್ತಿದ ಹಾಗೆ.

ಅವಳು ಬೆನ್ನ ಮೇಲೆ ಮಲಗಿ ಗಾಡಿಯ ಕೆಳಗೆ ಸರಿದಳು. ಸ್ಕ್ರೂಡ್ರೈವರಿನ ಹಿಡಿಯಿಂದ ಆ ಕಡೆಯ ತೊಲೆಯನ್ನು ಬಡಿದಳು. ಮುಂದಿನ ತುದಿಯಲ್ಲಿ ಟಣ್ ಎಂದಿತು. ನಡುವಿನಲ್ಲೂ ಟಣ್. ಹಿಂದಕ್ಕೆ ಬಂದಾಗ ದಪ್ ಎಂದಿತು. ಸ್ಕ್ರೂಡ್ರೈವರನ್ನು ತಿರುಗಿಸಿ ಮೊನೆಯಿಂದ ಸುಮ್ಮನೆ ಒತ್ತಿದಳು. ಅದು ಗೆದ್ದಲು ಹಿಡಿದ ಚೌಕಟ್ಟಿಗೆ ಇಳಿದ ಹಾಗೆ ಹಿಡಿಯವರೆಗೂ ಇಳಿಯಿತು. ಕಪ್ಪು ಬಣ್ಣದ ಅಡಿಯಲ್ಲಿ ತೂತು ಮೆತ್ತುವ ಪುಟ್ಟಿ, ಪುಟ್ಟಿಯ ಅಡಿಯಲ್ಲಿ ತುಕ್ಕಿನ ಹುಡಿ. ತಗಡೆಂಬುದು ಅಂಗೈ ಅಗಲಕ್ಕೆ ಇರಲೇ ಇಲ್ಲ. ಮೇಲೆ ಥಳಕು, ಒಳಗೆ ಹುಳುಕು.

ಹಿಂದಿನ ಮಾಲೀಕ ಮಾಡಿರಬೇಕು. ಮೊದಲು ಬಂದ ಯೋಚನೆ ಅದೇ. ಪಾಪ ಕಿವಿಗೂ ಕಣ್ತಪ್ಪಿತಲ್ಲ, ತಿಳಿದರೆ ಎಷ್ಟು ನೊಂದುಕೊಳ್ಳುತ್ತಾನೋ ಎಂದು ಅವನ ಪರವಾಗಿ ಮರುಕಪಟ್ಟಳು. ಕನ್ನಡಕದ ಸಣ್ಣ ತಿರುಪು ಹಿಡಿಯುವ ಉದ್ದ ಚಿಮಟವನ್ನು ಮನೆಯೊಳಗಿಂದ ತಂದು, ತೊಲೆಯ ತೂತಿನೊಳಗೆ ಪುಟ್ಟಿಗೆ ಆನಿಕೆಯಾಗಿ ತುರುಕಿದ್ದ ಬಟ್ಟೆಯನ್ನು ಕಚ್ಚಿಸಿ ಎಳೆದಳು. ಒದ್ದೆ ಬಟ್ಟೆ ಇಷ್ಟಿಷ್ಟೇ ಹೊರಬಂತು. ನೀಲಿ ನೆಲ, ಅದರ ಮೇಲೆ ಬಿಳಿಯ ಹಕ್ಕಿ.

ಅದು ಅವಳ ಮನೆಯ ಮುಂದಿನ ಕೋಣೆಯ ಪರದೆ.

ಹಳೆಯ ಹತ್ತಿಬಟ್ಟೆಯನ್ನು ಚೌಕ ಚೌಕ ಕತ್ತರಿಸಿ, ಎಳೆ ಬಿಟ್ಟು ಇಂಜಿನ್ನಿಗೆ ಸಿಕ್ಕಬಾರದೆಂದು ನಾಲ್ಕೂ ಅಂಚು ಮಡಚಿ ಹೊಲಿದು, ವರ್ಷಕ್ಕೊಮ್ಮೆ ಗ್ಯಾರೇಜಿಗೆ ಕೈ ಒರೆಸಲು ಕೊಡುವುದು ಅಪ್ಪನ ಕಾಲದಿಂದ ಅವಳ ಪಾಲಿನ ಕೆಲಸ. ಪರದೆಯನ್ನು ಕೊಟ್ಟದ್ದು ಹೋದ ವರ್ಷ. ಹೊಲಿಗೆ ಅವಳದೇ, ಮೂಲೆಯಲ್ಲಿ ದಾರ ಎರಡು ಸಲ ತಿರುಗಿಸಿ ಕಟ್ಟಿದ ಗಂಟೂ ಅವಳದೇ. ಬೇಲಿಯೇ ಎದ್ದು ಹೊಲ ಮೇಯ್ದ ಮಾತನ್ನು ಕೇಳಿದ್ದಳು. ಆ ಬೇಲಿಗೆ ಬಟ್ಟೆ ಹೊಲಿದುಕೊಟ್ಟವಳು ತಾನು.

ಗಾಡಿಯ ಕೆಳಗೆ ಅವಳು ಹಾಗೇ ಮಲಗಿದ್ದಳು. ಮೇಲೆ ಎಲ್ಲ ಕಡೆ ಹಳದಿ ಗೆರೆಗಳು, ನೆಟ್ಟಗೆ, ಮುರಿಯದೆ. ಸ್ವಲ್ಪ ಹೊತ್ತಿನ ಮೇಲೆ ಮೇಷ್ಟ್ರ ಒದ್ದೆಯಿಲ್ಲದ ಕಾಲುಗಳು ಪಕ್ಕಕ್ಕೆ ಬಂದು ನಿಂತವು.

"ಬದುಕಿದೀಯಾ?"

"ಹ್ಞೂಂ."

"ಚಹಾ ಮಾಡ್ಲಾ?"

"ಬೇಡ."

ಆ 'ಬೇಡ'ವನ್ನು ಕೇಳಿ ಮೇಷ್ಟ್ರು ಮೊಣಕಾಲು ಹಿಡಿದುಕೊಂಡು ಒದ್ದೆ ನೆಲದ ಮೇಲೆ ಅವಳ ತಲೆಯ ಪಕ್ಕ ಕೂತರು.

ಮಾರನೆಯ ದಿನ ಮಧ್ಯಾಹ್ನ ಅವಳು ಬಸ್ಸಿನಲ್ಲಿ ಗ್ಯಾರೇಜಿಗೆ ಹೋದಳು. ಕಿವಿ ಒಂದು ವ್ಯಾನಿನ ಇಂಜಿನ್ನಿಗೆ ಸ್ಕ್ರೂಡ್ರೈವರ್ ಒತ್ತಿ ಕಿವಿಗೊಟ್ಟು ಬಾಗಿದ್ದ. ಅವಳು ಕಾಯುತ್ತ ನಿಂತಳು. ಅವನು ಕೇಳಿಸಿಕೊಳ್ಳುವಾಗ ಕರೆಯಬಾರದೆಂದು ಅವಳಿಗೆ ಮೂವತ್ತು ವರ್ಷದ ಅಭ್ಯಾಸ. ಇಂಜಿನ್ ನಿಲ್ಲಿಸಿ ತಿರುಗಿದವನು ಅವಳನ್ನು ಕಂಡು ಮುಖವೆಲ್ಲ ನಗುವಾಗಿ, ಕುರ್ಚಿಯ ಮೇಲಿನ ಬ್ಯಾಟರಿ ಎತ್ತಿ ಕೆಳಗಿಟ್ಟು, ಕೂರುವ ಜಾಗವನ್ನು ಒರೆಸಿದ. ಒರೆಸಿದ್ದು ನೀಲಿ ಬಟ್ಟೆಯಿಂದ, ಬಿಳಿಯ ಹಕ್ಕಿ.

ಅವಳು ಚೀಲದಿಂದ ಒದ್ದೆ ತುಂಡನ್ನು ತೆಗೆದು ಮೇಜಿನ ಮೇಲಿಟ್ಟಳು. ಕೂರಲಿಲ್ಲ.

ಕಿವಿ ಅದನ್ನು ನೋಡಿದ. ಆಮೇಲೆ ತನ್ನ ಕೈಯಲ್ಲಿದ್ದುದನ್ನು ನೋಡಿದ. ಅದನ್ನು ಎಲ್ಲಿಡುವುದೆಂದು ತಿಳಿಯದೆ ಜೇಬಿಗೆ ತುರುಕಿಕೊಂಡ.

"ಡಾಕ್ಟರಿಗೆ ನಮ್ಮನೆ ಪರದೆ ಎಲ್ಲಿ ಸಿಕ್ತು ಕಿವಿ?"

ಅವನು ಶೆಡ್ಡಿನ ಬಾಗಿಲನ್ನು ಅರ್ಧ ಎಳೆದು ಬಂದ. "ಡಾಕ್ಟರು ಯಾರೂ ಇಲ್ಲ ಅಕ್ಕಾ."

"ಮತ್ತೆ ಯಾರ ಗಾಡಿ?"

"ನಂದೇ. ಎರಡು ವರ್ಷದಿಂದ ಹಿಂದುಗಡೆ ಹೊದಿಕೆ ಹಾಕಿ ಇಟ್ಟಿದ್ದೆ."

ಅವನು ಹೇಳಿದ್ದು ಇಷ್ಟು. ಬೇರೆ ಊರಿನ ಹಳೆ ಗಾಡಿಯ ವ್ಯಾಪಾರಿಯೊಬ್ಬ ಫೋನು ಮಾಡಿ, ಇಂಥ ಗಾಡಿ ಬಂದಿದೆ ಎಂದ. ಕಿವಿ, "ಇಂಜಿನ್ ಚಾಲೂ ಮಾಡಿ ಫೋನು ಹತ್ತಿರ ಹಿಡಿ" ಎಂದ. ಕೇಳಿದ. ಅದೇ ಸದ್ದು, ಸೇತುವೆಗೆ ಹೋಗಿ ಬಂದಾಗಿನದು. ಅಷ್ಟೇ ಸಾಕಾಯಿತು. ಗಾಡಿ ಲಾರಿಯಿಂದ ಇಳಿದು, ಲಿಫ್ಟಿನ ಮೇಲೆ ಏರಿದಾಗ ತೊಲೆಯಿಂದ ತುಕ್ಕು ಅವನ ಮುಖದ ಮೇಲೆ ಉದುರಿತು.

"ಕೇಳಿ ತಗೊಂಡೆ ಅಕ್ಕಾ. ನೋಡಿ ತಗೊಳ್ಳಲಿಲ್ಲ. ಊರಿಗೆಲ್ಲ ಕಿವಿ ಮೇಸ್ತ್ರಿ, ಫೋನಲ್ಲಿ ಸದ್ದು ಕೇಳಿ ತುಕ್ಕು ಹಿಡಿದ ಗಾಡಿ ತಗೊಂಡ ಅಂದ್ರೆ ಯಾರಾದ್ರೂ ಇಲ್ಲಿಗೆ ಕಾಲಿಡ್ತಾರಾ? ಯಾರಿಗೂ ಹೇಳಲಿಲ್ಲ. ನಮ್ಮನೆಯವಳಿಗೂ ಹೇಳಲಿಲ್ಲ."

"ನನಗೆ ಹೇಳಬಹುದಿತ್ತು."

"ನಿನಗೆ ಹೇಳೋದೇ ಎಲ್ಲರಿಗಿಂತ ಕಷ್ಟ. ನೀನು ಮೇಷ್ಟ್ರ ಹತ್ರ ಹೇಳ್ತೀಯ, ಇಬ್ಬರೂ ಹೊಟ್ಟೆ ಹಿಡ್ಕೊಂಡು ನಗ್ತೀರ."

"ನಗ್ತಿದ್ವಿ" ಎಂದಳು ಅವಳು. "ಆಮೇಲೆ ಮೂರು ಜನ ಸೇರಿ ತೊಲೆ ಕತ್ತರಿಸಿ ಹೊಸದು ಹಾಕ್ತಿದ್ವಿ."

ಕಿವಿ ತಲೆ ತಗ್ಗಿಸಿದ. "ನೀನು ಬಂದು ಇದೇ ಗಾಡಿ ಬೇಕು ಅಂದಾಗ, ಸರಿಯಾಗಿ ಮಾಡಿಕೊಡೋಣ ಅಂತಾನೇ ಶುರು ಮಾಡ್ದೆ. ಇಂಜಿನ್ ಬಿಚ್ಚಿ ಹೊಸದರ ಥರ ಮಾಡ್ದೆ. ಬ್ರೇಕು, ಸ್ಟಿಯರಿಂಗು, ಜೀವಕ್ಕೆ ಬೇಕಾದ್ದೆಲ್ಲ ಮೊದಲು. ತೊಲೆಗೆ ಬಂದಾಗ... ಕತ್ತರಿಸಿದ್ರೆ ಎರಡು ತಿಂಗಳ ಕೆಲಸ, ನೀನೂ ಬಂದು ನೋಡ್ತೀಯ, ಕೇಳ್ತೀಯ. ಈಗ ಮುಚ್ಚಿಡೋಣ, ಸರ್ವಿಸಿಗೆ ಬಂದಾಗ ಗೊತ್ತಾಗದ ಹಾಗೆ ಮಾಡಿಬಿಡೋಣ ಅಂದ್ಕೊಂಡೆ. ನೀನು ಸರ್ವಿಸಿಗೆ ಬರಲೇ ಇಲ್ಲ. ಎಲ್ಲಾ ನೀನೇ ಮಾಡ್ಕೊಂಡೆ."

"ಆ ಕಡೆ ಯಾರು ಕೂರ್ತಾರೆ ಗೊತ್ತಾ?"

"ಮೇಷ್ಟ್ರು" ಎಂದ ಅವನು.

"ಗುಡ್ಡದ ದಾರೀಲಿ ಹೋಗ್ತಿದ್ವಿ. ಪಕ್ಕದಿಂದ ಒಂದು ಸೈಕಲ್ಲು ಗುದ್ದಿದ್ರೂ ಆ ಬಾಗಿಲು ಒಳಗೆ ಬರ್ತಿತ್ತು."

"ದುಡ್ಡು ಪೂರ್ತಿ ವಾಪಸ್ ಕೊಡ್ತೀನಿ ಅಕ್ಕಾ. ನಾಳೇನೇ."

"ದುಡ್ಡಿನ ಮಾತು ಬೇಡ."

"ಹಾಗಾದ್ರೆ ಒಂದು ಮಾತು ಕೇಳು." ಕಿವಿ ತಲೆಯೆತ್ತಿದ. ಅವನ ಕಣ್ಣಲ್ಲಿ, ಪರೀಕ್ಷೆಯಲ್ಲಿ ಒಂದು ಉತ್ತರವಾದರೂ ಸರಿಯಾಗಿ ಬರೆದವನ ಆಸೆಯಿತ್ತು. "ಆ ತೊಲೆ ಮೇಲೆ ಗೆರೆ ಎಳೆದಿಲ್ಲ ನಾನು. ಕುಂಚ ಕೈಯಲ್ಲಿ ಹಿಡಿದಿದ್ದೆ, ಆಗಲಿಲ್ಲ. ಸುಳ್ಳು ಗೆರೆ ಒಂದೂ ಎಳೆದಿಲ್ಲ. ಅಪ್ಪಾಜಿ ಆಣೆ."

ಅವಳು ಮೇಜಿನ ಮೇಲಿನ ಹಕ್ಕಿಯನ್ನು ನೋಡುತ್ತ ನಿಂತಳು. ಇಷ್ಟು ಹೊತ್ತು ಕೋಪವಿತ್ತು, ಕೋಪವನ್ನು ಹಿಡಿದುಕೊಂಡು ನಿಲ್ಲುವುದು ಸುಲಭವಿತ್ತು. ಈಗ ಅದೂ ಕೈಬಿಟ್ಟುಹೋಯಿತು.

"ಗೆರೆ ಇರೋ ಕಡೆ ನಾನು ಮುಟ್ಟಲ್ಲ ಅಂತ ನಿನಗೆ ಗೊತ್ತಿತ್ತು" ಎಂದಳು ನಿಧಾನವಾಗಿ. "ಅಷ್ಟೊಂದು ಗೆರೆ ನೋಡಿದ ಮೇಲೆ, ಇಲ್ಲದಿರೋ ಕಡೇನೂ ಮುಟ್ಟಲ್ಲ ಅಂತಾನೂ ಗೊತ್ತಿತ್ತು. ಅಲ್ವಾ?"

ವ್ಯಾನಿನ ಇಂಜಿನ್ ಆರುತ್ತ ಟಿಕ್ ಟಿಕ್ ಎನ್ನುತ್ತಿತ್ತು. ಕಿವಿ ಅದನ್ನೇ ಕೇಳಿಸಿಕೊಳ್ಳುವವನ ಹಾಗೆ ಆ ಕಡೆಗೆ ತಲೆ ವಾಲಿಸಿದ.

"ಗೊತ್ತಿತ್ತು" ಎಂದ.

ಅವಳು ಬಸ್ಸಿನಲ್ಲಿ ವಾಪಸು ಬಂದಳು. ಒದ್ದೆ ಬಟ್ಟೆ ಅಲ್ಲೇ ಉಳಿಯಿತು.

ತೊಲೆಯ ಕೆಲಸವನ್ನು ಅವಳು ಗೇಟು, ಗ್ರಿಲ್ಲು ಮಾಡುವ ವೆಲ್ಡರ್ ಹೆಂಗಸಿಗೆ ಕೊಟ್ಟಳು. ಆಕೆ ಕಾರಿನ ಕೆಲಸ ಮಾಡಿದವಳಲ್ಲ. ಅದನ್ನು ಮೊದಲೇ ಹೇಳಿದಳು. "ನಂಗೆ ಗೇಟು ಗೊತ್ತು, ಕಾರು ಗೊತ್ತಿಲ್ಲ. ನೀವು ಪಕ್ಕದಲ್ಲಿ ನಿಂತ್ರೆ ಮಾಡ್ತೀನಿ." ಹುಳುಕನ್ನೆಲ್ಲ ಕತ್ತರಿಸಿ ತೆಗೆದು, ಹೊಸ ತಗಡು ಬಾಗಿಸಿ, ಬೆಸೆದಳು. ಕಿಡಿ ಹಾರಿ ಸೀಟು ಸುಟ್ಟೀತೆಂದು ತನ್ನ ಮನೆಯ ಕಂಬಳಿ ತಂದು ನೆನೆಸಿ ಹೊದಿಸಿದ್ದಳು. ಕಂಬಳಿಗೆ ನಾಲ್ಕು ತೂತು ಬಿದ್ದವು, ಅದನ್ನು ಮಡಚಿ ಒಳಗಿಟ್ಟಳೇ ಹೊರತು ಹೇಳಲಿಲ್ಲ. ಕೆಲಸ ಮುಗಿದ ಮೇಲೆ ಸುತ್ತಿಗೆಯನ್ನು ಕನ್ನಡಕದಮ್ಮನ ಕೈಗೆ ಕೊಟ್ಟು, "ಬಡಿದು ನೋಡಿ" ಎಂದಳು.

"ಪರವಾಗಿಲ್ಲ, ಚೆನ್ನಾಗೇ ಬಂದಿದೆ."

"ಬಡೀರಿ. ನನ್ನ ಕೆಲಸ ಯಾರೂ ಬಡಿಯದೇ ಹೋಗಬಾರ್ದು."

ಅವಳು ಬಡಿದಳು. ಉದ್ದಕ್ಕೂ ಟಣ್ ಎಂದಿತು. ಅವಳು ಇನ್ನೊಮ್ಮೆ ಮೊದಲಿಂದ ಬಡಿದಳು.

ಗಾಡಿ ಈಗ ಗಟ್ಟಿಯಾಗಿತ್ತು. ಆದರೂ ಗುಡ್ಡದ ದಾರಿಗೆ ಹೋಗಲು ಅವಳಿಂದ ಆಗಲಿಲ್ಲ. ಒಂದು ಭಾನುವಾರ ಮಾಡು ಮಡಚಿ, ಮೇಷ್ಟ್ರು ಟವೆಲು ಬಿಗಿದುಕೊಂಡು ಕೂತ ಮೇಲೆ, ಬೀಗದಕೈ ತಿರುಗಿಸದೆ ಹಾಗೇ ಕೂತಳು. ಕಾಲು ಬ್ರೇಕಿನ ಮೇಲಿತ್ತು. ಬ್ರೇಕಿನ ಮೇಲೆ ಹಳದಿ ಗೆರೆಯಿತ್ತು.

"ಇಳೀರಿ" ಎಂದಳು.

ಮನೆಯೊಳಗಿಂದ ಅಪ್ಪನ ಟಾರ್ಕ್ ರೆಂಚು ತಂದಳು. ನಟ್ಟು ಬೇಕಾದಷ್ಟು ಬಿಗಿಯಾದೊಡನೆ ಕಟ್ ಎಂದು ಸದ್ದು ಮಾಡುವ, ಮೊಳದುದ್ದದ ಸಲಕರಣೆ. ಬಣ್ಣ ಕರಗಿಸುವ ಥಿನ್ನರು ಒಂದು ಬಾಟಲಿ, ಹತ್ತಿ, ಹಸಿರು ಬಣ್ಣದ ಪುಟ್ಟ ಡಬ್ಬಿ. ಗಾಡಿಯನ್ನು ಜಾಕಿನ ಮೇಲೆ ಎತ್ತಿ, ನಾಲ್ಕೂ ಕಡೆ ಆನಿಕೆ ಕೊಟ್ಟು, ಕೆಳಗೆ ಸರಿದಳು. ಮೊದಲನೆಯ ಹಳದಿ ಗೆರೆಯನ್ನು ಥಿನ್ನರಿನಿಂದ ಒರೆಸಿದಳು. ರೆಂಚು ಇಟ್ಟಳು. ಒಬ್ಬರ ಗೆರೆಯ ಮೇಲೆ ಇನ್ನೊಬ್ಬರು ಸ್ಪ್ಯಾನರ್ ಇಡಬಾರದೆಂಬ ಅಪ್ಪನ ಮಾತು ಅವಳ ಕಿವಿಯಲ್ಲೇ ಇತ್ತು. ಅವರ ಹೊರತು ಬೇರೆ ಯಾರ ಮುಂದೆಯೂ ಅವಳಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಎಳೆದಳು. ಕಟ್. ನಟ್ಟು ಅಲುಗಲಿಲ್ಲ.

ಮೇಷ್ಟ್ರು ಪುಸ್ತಕ ಹಿಡಿದು ಯಾವ ನಟ್ಟಿಗೆ ಎಷ್ಟು ಬಿಗಿಯೆಂದು ಓದಿ ಹೇಳುತ್ತ, ಇನ್ನೊಂದು ಕೈಯಲ್ಲಿ ಟಾರ್ಚು ಹಿಡಿದರು. ಹೀಗೆ ಮೂರು ಭಾನುವಾರ. ಎರಡನೆಯ ಭಾನುವಾರ ಅವರು ಮೆಲ್ಲಗೆ, "ಇಲ್ಲಿವರೆಗೆ ಒಂದೂ ಸಡಿಲ ಇಲ್ವಲ್ಲ" ಎಂದರು.

"ಇಲ್ಲ."

"ಅಂದ್ರೆ ಕೆಲಸ ಪ್ರಾಮಾಣಿಕವಾಗೇ ಮಾಡಿದಾನೆ."

"ಟಾರ್ಚು ಎಡಕ್ಕೆ."

"ಹಿಂದಿನ ಚಕ್ರದ್ದು ಹಾಗೇ ಬಿಟ್ರೆ ಆಗಲ್ವಾ? ನಿನ್ನ ಭುಜ ನೋವು ಅಂತಿದ್ದೆ."

"ಎಡಕ್ಕೆ ರೀ. ನಿಮ್ಮ ಎಡ ಅಲ್ಲ, ನನ್ನ ಎಡ."

ಮೇಷ್ಟ್ರು ಟಾರ್ಚನ್ನು ಅವಳ ಎಡಕ್ಕೆ ಹಿಡಿದರು. ಆಮೇಲೆ ಆ ಮಾತನ್ನು ಮತ್ತೆ ಎತ್ತಲಿಲ್ಲ. ಸಂಜೆ ಮಾತ್ರ ಬಿಸಿನೀರಿನ ಚೀಲವನ್ನು ಕೇಳದೆಯೇ ತಂದು ಅವಳ ಭುಜದಡಿ ಇಟ್ಟರು.

ಮೂರನೆಯ ಭಾನುವಾರ, ಹಿಂದಿನ ಚಕ್ರದ ಬಳಿ ಕೊನೆಯ ಎರಡು ನಟ್ಟು ಉಳಿದಿದ್ದಾಗ ಗೇಟಿನ ಹತ್ತಿರ ಚಪ್ಪಲಿಯ ಸದ್ದು ಕೇಳಿಸಿತು. ಗಾಡಿಯ ಕೆಳಗಿಂದ ಅವಳಿಗೆ ಕಾಣಿಸಿದ್ದು ಗ್ರೀಸು ಹತ್ತಿದ ಎರಡು ಪಾದಗಳು. ಯಾರದೆಂದು ಕೇಳಬೇಕಿರಲಿಲ್ಲ.

"ಅಕ್ಕಾ, ಹಿಂದಿನ ಗಾಜಿನ ರಬ್ಬರು ಬಂತು. ನೀನು ಹೇಳಿದ್ದೆಯಲ್ಲ, ಮಳೆಗಾಲಕ್ಕೆ ಮುಂಚೆ. ಗೋಡೆ ಮೇಲಿಟ್ಟಿರ್ತೀನಿ."

ಅವಳು ಹೊರಗೆ ಸರಿದು ಬಂದಳು. ಎದ್ದು ಕೂತಳು. ಗೇಟು ಮುಚ್ಚಿಯೇ ಇತ್ತು. ಕಿವಿ ಅದಕ್ಕೆ ಕೈ ಹಾಕಿರಲಿಲ್ಲ. ಅವನ ಕಣ್ಣು ನೆಲದ ಮೇಲಿನ ಹತ್ತಿಯುಂಡೆಗಳ ಮೇಲೆ ನಿಂತಿತ್ತು. ಒಂದೊಂದೂ ಹಳದಿಯಾಗಿತ್ತು. ಅವನು ಎಲ್ಲವನ್ನೂ ನೋಡಿದ. ಅವನಿಗೆ ಅರ್ಥವಾಗಲು ಯಾರೂ ಏನೂ ಹೇಳಬೇಕಿರಲಿಲ್ಲ.

"ಎಲ್ಲಾನೂ ತೆಗೆದ್ಯಾ?"

"ಎರಡು ಉಳಿದಿವೆ."

ಮೇಷ್ಟ್ರು ಒಳಗೆ ಹೋಗಿ ಒಂದು ಲೋಟ ನೀರು ತಂದು ಗೇಟಿನ ಮೇಲಿಂದ ಕೊಟ್ಟರು. ಕಿವಿ ಕುಡಿದು, ಎಂದಿನಂತೆ ಲೋಟವನ್ನು ಗೋಡೆಯ ಮೇಲೆ ಬೋರಲು ಹಾಕಿದ.

"ಒಂದಾದ್ರೂ ಸಡಿಲ ಇತ್ತಾ ಅಕ್ಕಾ?"

"ಒಂದೂ ಇರಲಿಲ್ಲ."

ಅವನ ಮುಖದಲ್ಲಿ ಬೆಳಕು ಬಂತು. ಅಪ್ಪನ ಕೆನ್ನೆಗೆ ಕೆನ್ನೆ ಇಟ್ಟು, ಎಲ್ಲೂ ಚುಚ್ಚುವುದಿಲ್ಲವೆಂದು ತಿಳಿದಾಗ ಬರುತ್ತಿದ್ದ ಬೆಳಕು. ಅದನ್ನು ನೋಡಲು ಅವಳಿಗೆ ಆಗಲಿಲ್ಲ.

"ಆದ್ರೂ ಪ್ರತಿಯೊಂದನ್ನೂ ನೋಡಬೇಕಾಯ್ತಲ್ಲ ಕಿವಿ" ಎಂದಳು.

ಬಂದ ಬೆಳಕು ಇಳಿಯಿತು. ಅವನು ರಬ್ಬರಿನ ಸುರುಳಿಯನ್ನು ಗೋಡೆಯ ಮೇಲೆ ಬೀಳದ ಹಾಗೆ ಸರಿಮಾಡಿ ಇಟ್ಟ.

ಅವಳು ಮತ್ತೆ ಗಾಡಿಯ ಕೆಳಗೆ ಸರಿದಳು. ಹತ್ತಿ ನೆನೆಸಿ ಗೆರೆ ಒರೆಸಿದಳು. ರೆಂಚು ಎಳೆದಳು. ಕಟ್. ಹಸಿರು ಎಳೆದಳು. ಕೊನೆಯದರ ಮೇಲಿನ ಹಳದಿ ಗೆರೆ ಉಳಿದವಕ್ಕಿಂತ ಚೆಂದವಿತ್ತು, ತುದಿಯಲ್ಲಿ ಸಣ್ಣಗಾಗಿ ಮುಗಿದಿತ್ತು. ಅದನ್ನು ಸ್ವಲ್ಪ ಹೊತ್ತು ನೋಡಿ ಒರೆಸಿದಳು. ರೆಂಚು ಇಟ್ಟು ಎಳೆದಳು.

ಕಟ್.

ಗೇಟಿನ ಆಚೆ ನಿಂತವನಿಗೆ ಆ ಸದ್ದು ಕೇಳಿಸದೆ ಇರಲು ಸಾಧ್ಯವಿರಲಿಲ್ಲ. ಅದು ಗಟ್ಟಿಯಾಗಿರುವ ನಟ್ಟಿನ ಸದ್ದೆಂದು ಅವನಿಗಿಂತ ಚೆನ್ನಾಗಿ ಯಾರಿಗೂ ತಿಳಿಯುತ್ತಿರಲಿಲ್ಲ. ಆಮೇಲೆ ಆ ಎರಡು ಪಾದಗಳು ತಿರುಗಿದವು.

ಅವಳು ಕುಂಚವನ್ನು ಹಸಿರಿಗೆ ಅದ್ದಿ ಕೊನೆಯ ಗೆರೆ ಎಳೆದಳು. ಗೆರೆ ಸೊಟ್ಟಗಾಯಿತು. ಅಪ್ಪನಾಗಿದ್ದರೆ ಒಪ್ಪುತ್ತಿರಲಿಲ್ಲ. ಒರೆಸಿದಳು.

"ಟಾರ್ಚು ಸರಿಯಾಗಿ ಹಿಡೀರಿ" ಎಂದಳು.

ಟಾರ್ಚು ಸರಿಯಾಗಿಯೇ ಇತ್ತು. ಆದರೂ ಮೇಷ್ಟ್ರು ಅದನ್ನು ಒಂದಿಷ್ಟು ಸರಿಸಿ, "ಈಗ?" ಎಂದರು.

"ಹ್ಞೂಂ, ಈಗ ಕಾಣ್ತಿದೆ" ಎಂದು ಅವಳು ಮತ್ತೆ ಎಳೆದಳು.